ನಡುಗೆರೆ

ಬೀರೂರಿನಲ್ಲಿ ಆಗ ಡಿಸ್ಕು ಸುಡಲು ಬರುತ್ತಿದ್ದದ್ದು ನನಗೊಬ್ಬನಿಗೆ.
ಟ್ರೇ ಹೊರಬಂದ ಕೂಡಲೆ ಅವ್ವ ಬೆರಳಿಟ್ಟು
‘ಬೆಚ್ಚಗಿದೆಯಲ್ಲೋ, ಹಂಚಿನಿಂದ ಈಗ ಇಳಿದ ಹಾಗೆ’ ಅನ್ನುತ್ತಿದ್ದಳು.
ಬೆನ್ನಿಗೆ ನೇರಳೆ ಬಣ್ಣ; ಮುಖದ ಮೇಲೆ
ಮಾರ್ಕರ್ ಪೆನ್ನಿನ ನನ್ನ ಸೊಟ್ಟ ಅಕ್ಷರ:
ಹೆಂಗಸರ ಕಬಡ್ಡಿ, ಫೈನಲ್, ಬೀರೂರು ತರೀಕೆರೆ.

ಊರಿಗೆ ಬೇಕಾಗಿದ್ದದ್ದು ಅದರಲ್ಲಿ ಒಂದೇ ಒಂದು ಉಸಿರು.
ಕೊನೆಯ ರೈಡು. ದಾಕ್ಷಾಯಿಣಿ.
ಮೂವರು ಸೊಂಟಕ್ಕೆ, ಒಬ್ಬಳು ಹಿಮ್ಮಡಿಗೆ ಜೋತುಬಿದ್ದಾಗ
ಮೈಯನ್ನೆಲ್ಲ ಚಾಚಿ ನಡುಗೆರೆಗೆ ಕೈ ನೀಡಿದ್ದಳು.
ಮುಟ್ಟಿತೆಂದು ನಾವು. ಮುಟ್ಟಲಿಲ್ಲವೆಂದು ಅವರು.
ಉರುಳಾಟದಲ್ಲಿ ಸುಣ್ಣದ ಗೆರೆಯೇ ಅಳಿಸಿಹೋಗಿ
ಓಂಕಾರಪ್ಪ ಮೇಷ್ಟ್ರು ಸೀಟಿಯನ್ನು ಬಾಯಲ್ಲೇ ಇಟ್ಟುಕೊಂಡು
ಊದದೆ ನಿಂತುಬಿಟ್ಟಿದ್ದರು.
ಕಪ್ಪು ಸ್ಕೂಲಿನ ಬೀರುವಿನಲ್ಲಿ ಬೀಗದೊಳಗೆ ಕೂತಿತು,
ತೀರ್ಪು ನನ್ನ ಕೊರಳಿಗೆ ಬಿತ್ತು.

ಮೊದಲು ಕೊಬ್ಬರಿ ಮಂಡಿ ಸಿದ್ದವೀರಪ್ಪನವರ ಪಡಸಾಲೆ.
ಸೋನಿ ಪ್ಲೇಯರು, ಮೇಲೊಂದು ಕ್ರೋಷಾ ಹೊದಿಕೆ.
ನುಂಗಿತು, ತಿರುಗಿಸಿತು, ಯೋಚಿಸಿತು,
ಕುಲಗೋತ್ರ ವಿಚಾರಿಸುವ ಬೀಗರ ಹಾಗೆ.
ನೋ ಡಿಸ್ಕ್.
ಇದೆಯಲ್ಲ, ಅದರ ಹೊಟ್ಟೆಯಲ್ಲೇ ಇದೆ, ಗರಗರ ಸುತ್ತುತ್ತಿದೆ,
ಆದರೂ ಇಲ್ಲವಂತೆ.
ಬಹುಮಾನ ವಿತರಣೆಯನ್ನೂ ಆಮೇಲೆ ಸೇರಿಸೋಣವೆಂದು
ನಾನದನ್ನು ಮುಚ್ಚಿರಲಿಲ್ಲ, ಕೊನೆಯ ಚಿಲಕ ಹಾಕಿರಲಿಲ್ಲ.
ಮುಗಿಸದೆ ಬಿಟ್ಟದ್ದು ಹುಟ್ಟಿದ ಯಂತ್ರದಲ್ಲಿ ಹರಟುತ್ತದೆ,
ಕಂಡವರ ಮನೆಯಲ್ಲಿ ಬಾಯಿ ಬಿಡುವುದಿಲ್ಲ.

ಮುಚ್ಚಿದೆ. ಮೈಲಾರಿಯ ಸಲೂನಿಗೆ ಒಯ್ದೆ.
ಅವನದು ಕಡೂರು ಸಂತೆಯ ಚೀನಾ ಮಾಲು, ಹೆಸರಿಲ್ಲ,
ಮುಚ್ಚಳ ನಿಲ್ಲದೆ ಮೇಲೆ ಪೌಡರು ಡಬ್ಬಿಯ ಭಾರ,
ಹಾಕಿದ್ದನ್ನೆಲ್ಲ ಉಣ್ಣುವ ಕೂಸು.
ಓಡಿತು!
ಅರ್ಧ ಗಡ್ಡ ಬೋಳಿಸಿಕೊಂಡವನು ನೊರೆ ಸಮೇತ ಎದ್ದು ನಿಂತ.
ದಾಕ್ಷಾಯಿಣಿ ಬಗ್ಗಿ, ನೆಲ ಮುಟ್ಟಿ, ಹಣೆಗೊತ್ತಿ,
ಗೆರೆ ದಾಟಿ, ಅಗೋ
ಬಿಕ್ಕಿತು. ಅವಳ ಮುಖ ಚೌಕಾಬಾರದ ಮನೆಗಳಾಗಿ ಒಡೆದು
ಕಬಡ್ ಕಬಡ್ ಕಬ್ ಕಬ್ ಕಬ್

‘ಉಜ್ಜು’ ಅಂದರು. ಪಂಚೆಯ ಅಂಚಲ್ಲಿ ಉಜ್ಜಿದೆ.
ಪೇಸ್ಟು ಹಚ್ಚಿದೆ. ಬಾಳೆಸಿಪ್ಪೆ ಎಂದ ಯಾರೋ ಪುಣ್ಯಾತ್ಮ, ಅದೂ ಆಯಿತು.
ಖುದ್ದೂಸ್ ಸಾಬರ ಟೀ ಅಂಗಡಿಯಲ್ಲಿ
ಮೂವರು ಹಿಡಿಯುವ ಮುಂಚೆಯೇ ನಿಂತಿತು;
ರೈಲ್ವೆ ಕ್ವಾರ್ಟರ್ಸಿನಲ್ಲಿ ಹಿಡಿದದ್ದೇ ತಡ
ನೆಗೆದು ನೇರ ಚಪ್ಪಾಳೆಗೆ ಹೋಯಿತು.
ತರೀಕೆರೆಯವರು ನಮ್ಮ ಊರಿನ ಕರೆಂಟನ್ನು ಮಾತ್ರ ನಂಬಿ
ಪ್ಯಾಸೆಂಜರ್ ಗಾಡಿಯಲ್ಲಿ ತಮ್ಮದೇ ಪ್ಲೇಯರನ್ನು
ಟವಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟು ತಂದರು.
ಅದೂ ಅಷ್ಟೇ.
ಮನೆಗೊಂದು ತಡೆ. ಆ ಬೆರಳನ್ನು ಮಾತ್ರ
ಯಾವ ಪ್ಲೇಯರೂ ಯಾರಿಗೂ ಬಿಟ್ಟುಕೊಡಲಿಲ್ಲ.

‘ಹದಿನಾರರ ಸ್ಪೀಡಿನಲ್ಲಿ ಸುಟ್ಟೆ, ನಾಲ್ಕರಲ್ಲಿ ಸುಡಬೇಕಿತ್ತು’
ಎಂದು ತಲೆ ತಗ್ಗಿಸಿ ಬೈಸಿಕೊಂಡೆ.
ಇನ್ನೊಂದು ಮಾಡಿಕೊಡು ಅಂದರು.
ಹಾರ್ಡ್‌ಡಿಸ್ಕು ಹೋಯಿತು ಅಂದೆ.
ಹೋಗಿರಲಿಲ್ಲ.

ಸುಡುವ ಮುಂಚೆ, ರಾತ್ರಿ, ಬಾಗಿಲು ಹಾಕಿ
ಕಂಪ್ಯೂಟರಿನಲ್ಲಿ ಪೂರ್ತಿ ನೋಡಿದ್ದೆ. ತಡೆಯಿಲ್ಲ, ಬಿಕ್ಕಿಲ್ಲ.
ಮೂವರು ಹಿಡಿಯುತ್ತಾರೆ, ಅವಳು ಚಾಚುತ್ತಾಳೆ,
ಆಗ ನಾನು, ಯಾರೋ ನೂಕಿದರೆಂದು ಹೇಳಲಾರೆ, ನಾನೇ,
ಕುಣಿದಿದ್ದೇನೆ. ‘ಮುಟ್ಟೇ ದಾಕ್ಷೀ’ ಎಂದು ಕಿರುಚಿದ್ದೇನೆ.
ಆ ನಾಲ್ಕು ಸೆಕೆಂಡು ಪರದೆಯ ತುಂಬ
ನನ್ನ ಎಡಗಾಲಿನ ಹವಾಯಿ ಚಪ್ಪಲಿ,
ಕಿತ್ತ ಉಂಗುಷ್ಟಕ್ಕೆ ಚುಚ್ಚಿದ ಪಿನ್ನು,
ಸುಣ್ಣದ ಧೂಳು.

ಗೀರಿದ್ದು ನಾನಲ್ಲ, ಮೈಲಾರಲಿಂಗನ ಆಣೆ.
ಅಷ್ಟೂ ಯಂತ್ರಗಳು ಮಾತಾಡಿಕೊಂಡಂತೆ
ಅದರ ಆಸುಪಾಸಿನಲ್ಲೇ ಕೆಮ್ಮಿ
ನನ್ನ ಮಾನ ಕಾಯ್ದವು.

ದಾಕ್ಷಾಯಿಣಿ ಈಗ ಕಡೂರು ಡಿಪೋದಲ್ಲಿ ಕಂಡಕ್ಟರು.
ಮೊನ್ನೆ ಬಸ್ಸಿನಲ್ಲಿ ಚಿಲ್ಲರೆ ಎಣಿಸುತ್ತ
‘ಆ ಡಿಸ್ಕು ಇದೆಯೇನೋ?’ ಅಂದಳು.
‘ಇದೆ. ಹಾಕೋಕೆ ಪ್ಲೇಯರು ಯಾರ ಮನೇಲೂ ಇಲ್ಲ.’
‘ಒಳ್ಳೇದಾಯ್ತು ಬಿಡು’ ಎಂದು
ಅದೇ ಬೆರಳಿನಿಂದ ಟಿಕೆಟು ಹರಿದು ಕೊಟ್ಟು
ಮುಂದಿನ ಸೀಟಿಗೆ ಹೋದಳು.